ರೇಡಿಯಂ ಹಸಿರು

ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅರೋರಾ. ನಾನು ಮೊದಲು ಮಾಡಿದ ಅದರ ಚಿತ್ರ ನೋಡಿ ಅಪ್ಪ ಹೇಳಿದ್ದು ಒಂದೇ ಮಾತು. "ಇದೇನ್ ಮಗಾ, ರೇಡಿಯಂ ಅಂಟಿಸ್ದಂಗಿದೆ?"

ನಮ್ಮ ಮನೆಯಲ್ಲಿ ರೇಡಿಯಂ ಅನ್ನೋದು ಬೈಗುಳ. ಅಪ್ಪ ಭದ್ರಾವತಿಯಲ್ಲಿ ಬೋರ್ಡ್ ಬರೆಯುತ್ತಿದ್ದರು. ಅಂಗಡಿ ಬೋರ್ಡು, ಶಾಲೆ ಗೋಡೆ, ಲಾರಿಯ ಹಿಂಭಾಗ, ಎಲ್ಲವೂ. ಅಕ್ಷರಕ್ಕೆ ಎರಡು ಬಣ್ಣದ ಶೇಡ್ ಹೊಡೆಯೋದರಲ್ಲಿ ಅವರದ್ದು ಎತ್ತಿದ ಕೈ. ಆಮೇಲೆ ಊರಿಗೆ ರೇಡಿಯಂ ಕಟಿಂಗ್ ಬಂತು, ನಂಬರ್ ಪ್ಲೇಟಿನ ಕೆಲಸ ಹೋಯಿತು. ಅದರ ಹಿಂದೆಯೇ ಫ್ಲೆಕ್ಸ್ ಬಂತು, ಉಳಿದದ್ದೂ ಹೋಯಿತು. ಈಗಲೂ ಕಣ್ಣಿಗೆ ಹೊಡೆಯುವ ಬಣ್ಣ ಏನೇ ಕಂಡರೂ, ಸೀರೆಯಾಗಲಿ, ಪಕ್ಕದ ಮನೆ ಗೋಡೆಯಾಗಲಿ, ಅವರ ಬಾಯಲ್ಲಿ ಬರೋದು ಅದೇ ಪದ.

ನನಗೆ ಸಿಟ್ಟು ಬಂತು. ಮೂರು ವಾರ ರಾತ್ರಿ ಕೂತು ಮಾಡಿದ ಚಿತ್ರ ಅದು. ಹಿಮದ ಬೆಟ್ಟ, ಮುಂದೆ ಸರೋವರ, ಆಕಾಶದಲ್ಲಿ ಮೂರು ಹಸಿರು ಪಟ್ಟಿ, ಅಂಚಿಗೆ ನೇರಳೆ, ಎಲ್ಲದರ ಪ್ರತಿಬಿಂಬ ನೀರಲ್ಲಿ. ಮೂಲೆಯಲ್ಲಿ ದೀಪ ಉರಿಯುವ ಟೆಂಟು ಬೇರೆ. ಲೈಕುಗಳೇನೋ ಚೆನ್ನಾಗಿಯೇ ಬಂದಿದ್ದವು. ಆದರೆ ನಾನು ಅಂಥ ಟೆಂಟಿನ ಹತ್ತಿರಕ್ಕೂ ಹೋದವಳಲ್ಲ. ಬ್ರೌಸರಿನಲ್ಲಿ ಇಪ್ಪತ್ತು ಫೋಟೋ ತೆರೆದಿಟ್ಟುಕೊಂಡು, ಒಂದರಿಂದ ಬೆಟ್ಟ, ಇನ್ನೊಂದರಿಂದ ಆಕಾಶ ಎತ್ತಿಕೊಂಡು ಸೇರಿಸಿದ್ದು.

ಹಾಗೆ ಮಾಡಿದವರಲ್ಲಿ ನಾನೇ ಮೊದಲಿನವಳಲ್ಲ ಅನ್ನೋದು ಒಂದು ಸಮಾಧಾನ. ಅಮೆರಿಕದ ಫ್ರೆಡರಿಕ್ ಎಡ್ವಿನ್ ಚರ್ಚ್ 1865ರಲ್ಲಿ ಬರೆದ ಅರೋರಾ ಚಿತ್ರ ಬಹಳ ಹೆಸರಾದದ್ದು. ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಹಡಗು, ಅದರ ಮೇಲೆ ಕೆಂಪು ಹಸಿರು ಬೆಳಕಿನ ಕಮಾನು. ಆ ಜಾಗಕ್ಕೆ ಚರ್ಚ್ ಹೋಗಿರಲಿಲ್ಲ. ಹೋಗಿಬಂದ ಐಸಾಕ್ ಹೇಯ್ಸ್ ಎಂಬ ಅನ್ವೇಷಕನ ಸ್ಕೆಚ್ಚು, ಅವನು ಹೇಳಿದ ಮಾತು, ಇವೇ ಆಧಾರ. ಆದರೂ ಚರ್ಚ್ ನೋಡಿದ್ದು ಒಬ್ಬ ಮನುಷ್ಯನ ಕಣ್ಣು ಕಂಡದ್ದನ್ನು. ನಾನು ನೋಡಿದ್ದು ಕ್ಯಾಮೆರಾ ಕಂಡದ್ದನ್ನು. ಈ ವ್ಯತ್ಯಾಸ ತಲೆಗೆ ಹೋಗಬೇಕಾದರೆ ನಾನು ನಾರ್ವೆಗೇ ಹೋಗಬೇಕಾಯಿತು.

ಆಫೀಸಿನ ಕೆಲಸದ ಮೇಲೆ ಒಂದು ಫೆಬ್ರವರಿಯಲ್ಲಿ ಓಸ್ಲೋಗೆ ಹೋಗುವ ಅವಕಾಶ ಸಿಕ್ಕಿತು. ನಾಲ್ಕು ದಿನ ರಜೆ ಸೇರಿಸಿ, ಸ್ವಂತ ದುಡ್ಡಲ್ಲಿ ಟ್ರೋಮ್ಸೋಗೆ ಟಿಕೆಟ್ ಮಾಡಿಸಿದೆ. ಅದು ಉತ್ತರ ಅಕ್ಷಾಂಶ 69 ಡಿಗ್ರಿ ದಾಟಿದ ಊರು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟೋದೇ ಇಲ್ಲ. ಭೂಮಿಯ ಕಾಂತಧ್ರುವದ ಸುತ್ತ ಅರೋರಾ ಬಳೆಯ ಆಕಾರದಲ್ಲಿ ಹರಡಿರುತ್ತದೆ, ಆ ಬಳೆಯ ಕೆಳಗೇ ಈ ಊರಿದೆ. ಆದರೆ ಬಳೆ ಇದ್ದರೆ ಸಾಕಾ, ಮೋಡ ಸರಿಯಬೇಡವಾ? ಮೊದಲ ಎರಡು ರಾತ್ರಿ ಹೋಟೆಲ್ ಕಿಟಕಿಯಲ್ಲಿ ಕೂತು ಹಿಮ ಬೀಳೋದು ನೋಡಿದ್ದಷ್ಟೇ.

ಮೂರನೇ ದಿನ ಮಿನಿಬಸ್ಸಿನ ಗೈಡ್ ನಮ್ಮನ್ನು ಸಂಜೆ ಐದಕ್ಕೇ ಹೊರಡಿಸಿದ. ಫಿನ್‌ಲ್ಯಾಂಡ್ ಗಡಿಯ ಕಡೆ ಶಿಬೋಟ್ನ್ ಅಂತ ಒಂದು ಕಣಿವೆ ಇದೆ, ಸುಮಾರು ಎರಡು ಗಂಟೆ ದಾರಿ. ಸುತ್ತಲಿನ ಬೆಟ್ಟಗಳು ಮೋಡ ತಡೆಯುವುದರಿಂದ ಅಲ್ಲಿ ಆಕಾಶ ತಿಳಿಯಾಗಿರುವುದು ಜಾಸ್ತಿ. ಇಳಿದಾಗ ಮೈನಸ್ 17. ಮೂಗಿನ ಒಳಗಿನ ಕೂದಲು ಗಟ್ಟಿಯಾಗೋದು ಹೇಗಿರುತ್ತೆ ಅಂತ ಅವತ್ತು ಗೊತ್ತಾಯಿತು.

ಸ್ವಲ್ಪ ಹೊತ್ತಿಗೆ ಉತ್ತರದ ಬೆಟ್ಟದ ಮೇಲೆ ಒಂದು ಬೂದು ಪಟ್ಟಿ ಕಾಣಿಸಿತು. ಬಚ್ಚಲ ಒಲೆಯ ಹೊಗೆ ಬೆಳಿಗ್ಗೆ ಹೊತ್ತು ಹೆಂಚಿನ ಮೇಲೆ ಮಲಗಿರುತ್ತಲ್ಲ, ಹಾಗೆ. "ಅಯ್ಯೋ, ಇಲ್ಲೂ ಮೋಡ" ಅಂದೆ. ಗೈಡ್ ನಕ್ಕ. ಟ್ರೈಪಾಡಿನ ಮೇಲಿದ್ದ ಕ್ಯಾಮೆರಾಕ್ಕೆ ಎಂಟು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟು, ಹಿಂದಿನ ಸ್ಕ್ರೀನ್ ತೋರಿಸಿದ. ಹಸಿರು. ಅಪ್ಪ ಬೈದ ಅದೇ ರೇಡಿಯಂ ಹಸಿರು.

ಮೋಸ ಹೋದೆ ಅನಿಸಿತು. ತಲೆ ಎತ್ತಿದರೆ ಬೂದು, ತಗ್ಗಿಸಿದರೆ ಹಸಿರು. ಪಕ್ಕದಲ್ಲಿದ್ದವರೆಲ್ಲ ಫೋನಿನ ಸ್ಕ್ರೀನ್ ನೋಡಿಕೊಂಡೇ "ವಾವ್" ಅನ್ನುತ್ತಿದ್ದರು. ಆಕಾಶ ನೋಡಿ ಯಾರೂ ಅನ್ನಲಿಲ್ಲ.

ಇದರಲ್ಲಿ ಮೋಸ ಏನೂ ಇಲ್ಲ. ಕಣ್ಣಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳಿಗೆ ಬೆಳಕು ಜಾಸ್ತಿ ಬೇಕು. ಕತ್ತಲಲ್ಲಿ ಕೆಲಸ ಮಾಡುವ ರಾಡ್ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಮಂದ ಅರೋರಾ ನಮಗೆ ಬೂದಾಗಿ ಕಾಣೋದು ಅದಕ್ಕೇ. ಕ್ಯಾಮೆರಾ ಎಂಟು ಸೆಕೆಂಡಿನ ಬೆಳಕನ್ನು ಹುಂಡಿಯಲ್ಲಿ ಹಾಕಿದ ಹಾಗೆ ಕೂಡಿಹಾಕಿ ಒಟ್ಟಿಗೆ ತೋರಿಸುತ್ತದೆ. ಹಸಿರು ಅಲ್ಲಿ ಇದೆ, ಸುಳ್ಳಲ್ಲ. ಆದರೆ ಆ ಎಂಟು ಸೆಕೆಂಡಿನಲ್ಲಿ ಬೆಳಕು ಎಲ್ಲೆಲ್ಲಿ ಓಡಾಡಿತೋ ಅದೆಲ್ಲ ಒಂದರ ಮೇಲೊಂದು ಬಿದ್ದು ಹತ್ತಿಯಂತೆ ನುಣ್ಣಗಾಗಿರುತ್ತದೆ. ನನ್ನ ಚಿತ್ರದ ಮೂರು ಪಟ್ಟಿಗಳೂ ಅಂಥದೇ ನುಣುಪು.

ನಿಜವಾದ ಆಟ ಶುರುವಾಗಿದ್ದು ಒಂಬತ್ತೂವರೆ ದಾಟಿದ ಮೇಲೆ. ಬೂದು ಪಟ್ಟಿಯ ಕೆಳಗಿನ ಅಂಚು ಇದ್ದಕ್ಕಿದ್ದಂತೆ ಚುರುಕಾಯಿತು, ಯಾರೋ ಮೊನೆ ಮಾಡಿದ ಪೆನ್ಸಿಲಲ್ಲಿ ತಿದ್ದಿದ ಹಾಗೆ. ಬಣ್ಣ ಬಂತು. ಈಗ ಬರಿಗಣ್ಣಿಗೇ ಹಸಿರು. ಆದರೆ ನನ್ನ ಹಸಿರಲ್ಲ. ಬಾಳೆಯ ಸುಳಿ ಬಿಚ್ಚುವಾಗ ಒಂದು ಹಸಿರಿರುತ್ತಲ್ಲ, ಅರ್ಧ ಹಳದಿ ಬೆರೆತದ್ದು, ಆ ಥರ. ಆಮೇಲೆ ಅದು ಓಡಿತು. ಪಶ್ಚಿಮದಿಂದ ಪೂರ್ವಕ್ಕೆ ಕಡ್ಡಿ ಕಡ್ಡಿಯಾಗಿ ಹೊತ್ತಿಕೊಂಡು ಹೋಯಿತು. ಕೆಳ ಅಂಚಿನಲ್ಲಿ ಅರ್ಧ ನಿಮಿಷ ಗುಲಾಬಿ ಇಣುಕಿತು. ಕೊನೆಗೆ ನೆತ್ತಿಯ ಮೇಲೆ ಬಂದಾಗ, ಎಲ್ಲ ದಿಕ್ಕಿನ ಗೆರೆಗಳೂ ಒಂದೇ ಬಿಂದುವಿಗೆ ಸೇರಿದವು. ಬಿಚ್ಚಿದ ಕೊಡೆಯ ಕೆಳಗೆ ನಿಂತು ಅದರ ಕಡ್ಡಿಗಳನ್ನು ನೋಡಿದ ಹಾಗೆ. ಅಷ್ಟೆಲ್ಲ ಬೆಳಕಿನ ನಡುವೆಯೂ ನಕ್ಷತ್ರಗಳು ಹಾಗೇ ಕಾಣುತ್ತಿದ್ದವು. ಒಂದು ಚೂರೂ ಸದ್ದಿರಲಿಲ್ಲ.

ಐದಾರು ನಿಮಿಷ. ಮತ್ತೆ ಬೂದು. ಫೋನ್ ಚಳಿಗೆ ಆಗಲೇ ಆಫ್ ಆಗಿತ್ತು. ಅವತ್ತು ಅದಕ್ಕೆ ಬೈದೆ. ಆದರೆ ನನ್ನ ಹತ್ತಿರ ಒಂದು ಫೋಟೋ ಇದ್ದಿದ್ದರೆ ಖಂಡಿತ ಅದನ್ನೇ ನೋಡಿ ಬರೆದುಬಿಡುತ್ತಿದ್ದೆ. ಬಸ್ಸಿನಲ್ಲಿ ಕೂತು, ಬಿಲ್ಲಿನ ಹಿಂದೆ ಪೆನ್ಸಿಲಲ್ಲಿ ಗೀಚಿದೆ: "ಕೆಳಗೆ ಚೂಪು, ಮೇಲೆ ಆವಿ. ಬಾಳೆ ಸುಳಿ. ಗುಲಾಬಿ ಬೇಗ ಹೋಯ್ತು. ನಕ್ಷತ್ರ ಮುಚ್ಚಲಿಲ್ಲ."

ಊರಿಗೆ ಬಂದ ಮೇಲೆ ಗೊತ್ತಾಯಿತು, ಹೀಗೆ ಮಾಡಿದವರೊಬ್ಬರು ನೂರು ವರ್ಷಕ್ಕೂ ಹಿಂದೆಯೇ ಇದ್ದರು. ಹರಾಲ್ಡ್ ಮೋಲ್ಟ್ಕೆ, ಡೆನ್ಮಾರ್ಕಿನ ಚಿತ್ರಕಾರ. ಅಲ್ಲಿನ ಹವಾಮಾನ ಸಂಸ್ಥೆ 1899ರಲ್ಲಿ ಐಸ್‌ಲ್ಯಾಂಡಿಗೂ, ಮುಂದಿನ ಚಳಿಗಾಲ ಫಿನ್‌ಲ್ಯಾಂಡಿನ ಉತ್ಸ್‌ಯೋಕಿಗೂ ಅರೋರಾ ನೋಡಲು ವಿಜ್ಞಾನಿಗಳನ್ನು ಕಳಿಸಿತು. ಅವರ ಜೊತೆ ಮೋಲ್ಟ್ಕೆಯನ್ನೂ ಕಳಿಸಿತು. ರಾತ್ರಿ ಚಳಿಯಲ್ಲಿ ನಿಂತು ಪೆನ್ಸಿಲ್ ಸ್ಕೆಚ್ಚು, ಮಾರನೇ ದಿನ ಎಣ್ಣೆಬಣ್ಣ. ವಿಜ್ಞಾನಿಗಳಿಗೆ ಚಿತ್ರಕಾರ ಯಾಕೆ ಅಂದರೆ, ಆಗಿನ ಕ್ಯಾಮೆರಾಕ್ಕೆ ಅರೋರಾ ಸುಲಭವಾಗಿ ದಕ್ಕುತ್ತಿರಲಿಲ್ಲ. ಸೋಫಸ್ ಟ್ರೊಮ್‌ಹೋಲ್ಟ್ 1882ರಲ್ಲಿ ನಾರ್ವೆಯ ಕೌಟೊಕೈನೊದಲ್ಲಿ ಇಡೀ ಚಳಿಗಾಲ ಪ್ರಯತ್ನಪಟ್ಟು ಸೋತರು. ಮೊದಲ ಫೋಟೋ ಸಿಕ್ಕಿದ್ದು 1892ರಲ್ಲಿ, ಮಾರ್ಟಿನ್ ಬ್ರೆಂಡೆಲ್ ಅವರಿಗೆ. ಅದೂ ಕಪ್ಪು ಬಿಳುಪು, ಮಸುಕು. ಆಗ ಕ್ಯಾಮೆರಾಕ್ಕೆ ಕಡಿಮೆ ಕಾಣುತ್ತಿತ್ತು ಅಂತ ಚಿತ್ರಕಾರ ಬೇಕಾದ. ಈಗ ಕ್ಯಾಮೆರಾಕ್ಕೆ ನಮಗಿಂತ ಜಾಸ್ತಿ ಕಾಣುತ್ತದೆ.

ಹಳೇ ಫೈಲನ್ನು ಮುಚ್ಚಿ, ಕ್ರಿಟಾದಲ್ಲಿ ಹೊಸ ಕ್ಯಾನ್ವಾಸ್ ತೆರೆದೆ. ಕ್ರಿಟಾ ಉಚಿತವಾಗಿ ಸಿಗುವ ಚಿತ್ರ ಬಿಡಿಸುವ ಸಾಫ್ಟ್‌ವೇರ್. ನನ್ನಂಥ ಹವ್ಯಾಸಿಗಳಿಗೆ ಅದು ಧಾರಾಳವಾಗಿ ಸಾಕು.

ಮೊದಲ ತೊಂದರೆ ನಕ್ಷತ್ರದ್ದು. ಹಸಿರು ಲೇಯರ್, ಅಂದರೆ ಚಿತ್ರದ ಮೇಲೆ ಇಡುವ ಇನ್ನೊಂದು ಪದರ, ಹಾಕಿದ ಕೂಡಲೇ ಕೆಳಗಿನ ಲೇಯರಿನ ನಕ್ಷತ್ರಗಳು ಮುಚ್ಚಿಹೋದವು. ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. "ಎನಾಮೆಲ್ ಅಂದ್ರೆ ಅಷ್ಟೇ ಮಗಾ, ಹಿಂದಿಂದ್ ಮುಚ್ಚಬೇಕು, ಅದಕ್ಕೇ ಅಲ್ವಾ ದುಡ್ ಕೊಡೋದು" ಅಂದರು. ಸರಿಯಾದ ಮಾತು. ಬಣ್ಣ ಮುಚ್ಚುತ್ತದೆ. ಬೆಳಕು ಮುಚ್ಚೋದಿಲ್ಲ, ಹಿಂದೆ ಇರುವುದಕ್ಕೆ ಸೇರಿಕೊಳ್ಳುತ್ತದೆ. ಲೇಯರಿನ ಬ್ಲೆಂಡಿಂಗ್ ಮೋಡ್, ಅಂದರೆ ಅದು ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, ನಾರ್ಮಲ್‌ನಿಂದ ಅಡಿಷನ್‌ಗೆ ಬದಲಿಸಿದೆ. ನಕ್ಷತ್ರಗಳು ಹಸಿರಿನ ಒಳಗಿಂದ ಹೊರಬಂದವು. ಅಪ್ಪ ಬಗ್ಗಿ ನೋಡಿದರು. "ಇದ್ಯಾವ್ ಬಣ್ಣ ಇದು, ಹಚ್ಚಿದ್ರೂ ಹಿಂದಿಂದ್ ಮುಚ್ಚಲ್ವಲ್ಲ!" ಮೂವತ್ತು ವರ್ಷ ಬಣ್ಣದ ಡಬ್ಬದ ಜೊತೆ ಬದುಕಿದವರಿಗೆ ಅದು ನಿಜಕ್ಕೂ ಆಶ್ಚರ್ಯ. ಅವತ್ತಿನಿಂದ ಅವರು ನನ್ನ ಟ್ಯಾಬ್ಲೆಟನ್ನು ಸ್ವಲ್ಪ ಮರ್ಯಾದೆಯಿಂದ ನೋಡತೊಡಗಿದರು.

ಎರಡನೇ ತೊಂದರೆ ಹಸಿರಿನದು. ಅರೋರಾದ ಹಸಿರು ಆಮ್ಲಜನಕದ ಪರಮಾಣುವಿನದು. ಸೂರ್ಯನ ಕಡೆಯಿಂದ ಬರುವ ಗಾಳಿಯ ಶಕ್ತಿಯಿಂದ ಚುರುಕಾದ ಎಲೆಕ್ಟ್ರಾನ್‌ಗಳು ಮೇಲಿಂದ ಬಂದು ಬಡಿದಾಗ ಅದು ಚೂರು ಬೆಳಕು ಬಿಡುತ್ತದೆ. ಆ ಬೆಳಕಿನ ಅಲೆಯ ಉದ್ದ 557.7 ನ್ಯಾನೋಮೀಟರ್, ಅದರ ಅಕ್ಕಪಕ್ಕ ಏನೂ ಇಲ್ಲ. ಅಷ್ಟು ಅಪ್ಪಟ ಬಣ್ಣ ಸಾಮಾನ್ಯ ಸ್ಕ್ರೀನಿನ ಕೈಗೆ ಸಿಗುವುದೇ ಇಲ್ಲ. ಅಂದರೆ ನಾನು ಎಷ್ಟೇ ಒದ್ದಾಡಿದರೂ ಅದು ಬರೋದಿಲ್ಲ. ಇದು ಗೊತ್ತಾದಾಗ ಒಂಥರಾ ನಿರಾಳವಾಯಿತು. ಬರದೇ ಇರುವುದಕ್ಕೆ ಹತ್ತಿರ ಹೋಗಲು ಎಲ್ಲರೂ ಗಾಢ ಹಸಿರು ಸುರಿಯುತ್ತಾರೆ, ನಾನೂ ಸುರಿದಿದ್ದೆ. ಈ ಸಲ ಹಳದಿ ಕಡೆಗೆ ಎಳೆದು, ಬಣ್ಣದ ತೀವ್ರತೆ ಅರ್ಧಕ್ಕೂ ಕೆಳಗೆ ಇಳಿಸಿದೆ. ಸುತ್ತಲಿನ ಆಕಾಶವನ್ನು ಸ್ವಲ್ಪ ನೀಲಿ ಕೆಂಪಿನ ಕಡೆ ತಳ್ಳಿದೆ. ಪಕ್ಕದ ಬಣ್ಣ ಹಸಿರಿಗೆ ಎದುರಾದದ್ದಿದ್ದರೆ ಬೂದು ಕೂಡ ಹಸಿರಾಗಿ ಕಾಣುತ್ತದೆ. ಅಪ್ಪ ಹಳದಿ ಅಕ್ಷರದ ಪಕ್ಕ ಕಂದು ನೆರಳು ಹಾಕುತ್ತಿದ್ದದ್ದು ಇದೇ ಲೆಕ್ಕದಲ್ಲೇ ಇರಬೇಕು. ಕೇಳಿದರೆ "ಲೆಕ್ಕ ಎಲ್ಲಿ ಬಂತು, ಹಂಗೇ ಚೆನ್ನಾಗಿರ್ತಿತ್ತು" ಅಂತಾರೆ.

ಆದರೆ ನನಗೆ ತುಂಬಾ ಹಿಡಿಸಿದ್ದು ಮೂರನೆಯದು, ಎತ್ತರದ ವಿಷಯ. ಅರೋರಾದಲ್ಲಿ ಬಣ್ಣ ಅಂದರೆ ಎತ್ತರ. ಹಸಿರು ಹೆಚ್ಚಾಗಿ 100ರಿಂದ 150 ಕಿಲೋಮೀಟರ್ ಎತ್ತರದಲ್ಲಿ. ಕೆಂಪು 200ಕ್ಕಿಂತ ಮೇಲೆ. ಅಂಚಿನ ಗುಲಾಬಿ ಸಾರಜನಕದ್ದು, 100ಕ್ಕಿಂತ ಕೆಳಗೆ. ಇದನ್ನು ಅಳೆದ ಬಗೆಯೂ ಚಂದ. ಕಾರ್ಲ್ ಸ್ಟೋರ್ಮರ್ ಎಂಬ ನಾರ್ವೆಯ ಗಣಿತಜ್ಞ 1910ರಲ್ಲಿ ಬೋಸೆಕೋಪ್ ಎಂಬಲ್ಲಿ, ಕೆಲವು ಕಿಲೋಮೀಟರ್ ದೂರದ ಎರಡು ಜಾಗಗಳಲ್ಲಿ ಕ್ಯಾಮೆರಾ ಇಟ್ಟು, ನಡುವೆ ಟೆಲಿಫೋನ್ ತಂತಿ ಎಳೆದು, ಒಂದೇ ಕ್ಷಣಕ್ಕೆ ಎರಡೂ ಕಡೆ ಫೋಟೋ ತೆಗೆಸಿದರು. ಹಿಂದಿನ ನಕ್ಷತ್ರಗಳಿಗೆ ಹೋಲಿಸಿದರೆ ಎರಡು ಫೋಟೋದಲ್ಲಿ ಅರೋರಾ ಎಷ್ಟು ಸರಿದಿದೆ ಅಂತ ನೋಡಿ ಎತ್ತರ ಲೆಕ್ಕ ಹಾಕಿದರು. ನಕ್ಷತ್ರ ಮುಚ್ಚದೆ ಇದ್ದದ್ದು ಅವರಿಗೂ ಉಪಯೋಗಕ್ಕೆ ಬಂತು.

ಒಂದೇ ಆಮ್ಲಜನಕ, ಕೆಳಗೆ ಹಸಿರು, ಮೇಲೆ ಕೆಂಪು, ಯಾಕೆ? ಕಾಯುವ ಹೊತ್ತಿನ ವ್ಯತ್ಯಾಸ. ಪೆಟ್ಟು ತಿಂದ ಪರಮಾಣು ಹಸಿರು ಬಿಡಲು ಮುಕ್ಕಾಲು ಸೆಕೆಂಡು ಸಾಕು. ಕೆಂಪು ಬಿಡಬೇಕಾದರೆ ಸರಾಸರಿ 110 ಸೆಕೆಂಡು ಸುಮ್ನೆ ಇರಬೇಕು. ಕೆಳಗೆ ಗಾಳಿ ದಟ್ಟ, ಸಂತೆ ದಿನದ ಬಸ್ ಸ್ಟ್ಯಾಂಡ್ ಥರ. ಅಷ್ಟು ಹೊತ್ತು ಯಾರಿಗೂ ತಾಗದೆ ನಿಲ್ಲಲು ಆಗೋದಿಲ್ಲ. ಪಕ್ಕದವರು ತಾಗಿದರೆ ಶಕ್ತಿ ಹಂಚಿಹೋಯಿತು, ಬೆಳಕಿಲ್ಲ. 200 ಕಿಲೋಮೀಟರ್ ದಾಟಿದರೆ ಜಾಗ ಖಾಲಿ, ನೆಮ್ಮದಿಯಾಗಿ ಎರಡು ನಿಮಿಷ ಕಾದು ಕೆಂಪು ಬಿಡಬಹುದು.

ಇದನ್ನು ಓದಿದ ರಾತ್ರಿ ನಾನು ಚಿತ್ರ ಬಿಟ್ಟು ಕೋಡ್ ಕಡೆ ಹೋದೆ. ಪ್ರೊಸೆಸಿಂಗ್ ಅಂತ ಚಿತ್ರಕಾರರಿಗಾಗಿಯೇ ಮಾಡಿದ ಪ್ರೋಗ್ರಾಮಿಂಗ್ ಸಾಧನ ಇದೆ, 2001ರಿಂದ. ಅದರಲ್ಲಿ ಒಂದು ಬಾಗಿದ ಗೆರೆ ಎಳೆದು, ಗೆರೆಯುದ್ದಕ್ಕೂ ನೆಟ್ಟಗೆ ಕಡ್ಡಿಗಳನ್ನು ನಿಲ್ಲಿಸಿದೆ. ಪ್ರತಿ ಕಡ್ಡಿಯ ಹೊಳಪನ್ನು ಪರ್ಲಿನ್ ನಾಯ್ಸ್‌ಗೆ ಬಿಟ್ಟೆ. ಕೆನ್ ಪರ್ಲಿನ್ ಎಂಬತ್ತರ ದಶಕದಲ್ಲಿ ಕಂಡುಹಿಡಿದ ಲೆಕ್ಕ ಅದು. ಯದ್ವಾತದ್ವಾ ಆಗಿದ್ದರೂ ಒಂದು ಬೆಲೆಯಿಂದ ಇನ್ನೊಂದಕ್ಕೆ ನಯವಾಗಿ ಜಾರುವ ಅಂಕಿಗಳನ್ನು ಕೊಡುತ್ತದೆ. ಹೊಗೆ, ಮೋಡ, ಬೆಂಕಿ ಎಲ್ಲಕ್ಕೂ ಗ್ರಾಫಿಕ್ಸಿನವರು ಅದನ್ನೇ ಹಿಡಿಯೋದು. ಮೊದಲು ಹಸಿರು ಕೆಂಪು ಎರಡನ್ನೂ ಒಟ್ಟಿಗೆ ಕುಣಿಸಿದೆ. ಮದುವೆ ಮನೆಯ ಸೀರಿಯಲ್ ಸೆಟ್ ಥರ ಆಯಿತು. ಆಮೇಲೆ 110 ಸೆಕೆಂಡ್ ನೆನಪಾಯಿತು. ಕೆಂಪಿಗೆ ಬೇಗ ಬೇಗ ಮಿನುಗಲು ಆಗೋದಿಲ್ಲ. ಹಸಿರು ಈ ಕ್ಷಣದ್ದು, ಕೆಂಪು ಕಳೆದ ಎರಡು ನಿಮಿಷದ ಸರಾಸರಿ. ಕೋಡಿನಲ್ಲಿ ಅಷ್ಟೇ ಬದಲಾಯಿಸಿದೆ. ಹಸಿರು ಓಡುತ್ತಿದೆ, ಅದರ ಮೇಲೆ ಕೆಂಪು ಆವಿಯ ಥರ ತಡವಾಗಿ ಏರಿ ತಡವಾಗಿ ಇಳಿಯುತ್ತಿದೆ. ಕುರ್ಚಿಯಿಂದ ಎದ್ದು ನಿಂತೆ. ಬೆಳಗಿನ ಜಾವ ಎರಡೂವರೆ, ತೋರಿಸಲು ಯಾರೂ ಎದ್ದಿರಲಿಲ್ಲ.

ಕೃತಕ ಅರೋರಾ ಮಾಡುವ ಈ ಹುಚ್ಚೂ ಹಳೆಯದೇ. ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲ್ಯಾಂಡ್ ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಾಂತದ ಗೋಳ ತೂಗುಹಾಕಿ, ಎಲೆಕ್ಟ್ರಾನ್ ಹಾಯಿಸಿ, ಅದರ ಧ್ರುವಗಳ ಸುತ್ತ ಪುಟಾಣಿ ಅರೋರಾ ಹೊತ್ತಿಸಿದ್ದರು. ಹಿಂದೊಮ್ಮೆ ನಾರ್ವೆಯ 200 ಕ್ರೋನರ್ ನೋಟಿನ ಮೇಲೆ ಅವರದೇ ಮುಖ ಇತ್ತು.

ಕೆಂಪಿನ ವಿಷಯ ನಮ್ಮ ಕಡೆಗೂ ಬರುತ್ತದೆ. 2024ರ ಮೇ 10ರ ರಾತ್ರಿ ಸೂರ್ಯ ಎರಡು ದಶಕಗಳಲ್ಲೇ ದೊಡ್ಡ ಕಾಂತ ಬಿರುಗಾಳಿ ಎಬ್ಬಿಸಿದಾಗ ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. ಅಲ್ಲಿನ ವೀಕ್ಷಣಾಲಯ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು. ಹಾನ್ಲೆಯ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ನಾನು ಟ್ರೋಮ್ಸೋವರೆಗೆ ಹೋಗಿ ಎರಡು ರಾತ್ರಿ ಮೋಡ ನೋಡಿದೆ, ನಮ್ಮ ಬಸ್ ರೂಟಿನ ಆಫೀಸಿನವರ ಕ್ಯಾಮೆರಾ ಅರೋರಾ ಹಿಡಿದುಕೊಂಡು ಕೂತಿತ್ತು! ಹಾನ್ಲೆ ಇರುವುದು 33 ಡಿಗ್ರಿ ಅಕ್ಷಾಂಶದ ಹತ್ತಿರ. ಭೂಮಿ ಗುಂಡಗಿರುವುದರಿಂದ ಉತ್ತರದ ಕೆಳಮಟ್ಟದ ಹಸಿರು ಅಲ್ಲಿಗೆ ಕಾಣೋದಿಲ್ಲ. ತುಂಬಾ ಎತ್ತರದ ಕೆಂಪು ಮಾತ್ರ ದಿಗಂತದ ಮೇಲೆ ತಲೆ ಎತ್ತುತ್ತದೆ. ಆ ಫೋಟೋಗಳಲ್ಲಿ ಪರದೆಯೂ ಇಲ್ಲ, ಕುಣಿತವೂ ಇಲ್ಲ. ಬೆಟ್ಟದ ಹಿಂದೆ ಎಲ್ಲೋ ಕಾಳ್ಗಿಚ್ಚು ಬಿದ್ದ ಹಾಗೆ ಮಂಕು ಕೆಂಪು. ಪೋಸ್ಟ್‌ಕಾರ್ಡಿಗೆ ಆಗೋದಿಲ್ಲ. ನಾನು ಅದನ್ನು ತಿಂಗಳುಗಟ್ಟಲೆ ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಂಡಿದ್ದೆ.

ಅದನ್ನು ನೋಡಿ ನೋಡಿಯೇ ಇರಬೇಕು, ನಾನು ಬರೆಯಬೇಕಾದದ್ದು ಆ ಐದು ನಿಮಿಷದ ಕುಣಿತ ಅಲ್ಲ ಅಂತ ತೀರ್ಮಾನವಾಯಿತು. ಕುಣಿತದ ಚಿತ್ರ ಲಕ್ಷ ಇವೆ. ಈಗ ಎಐಗೆ ಎರಡು ಸಾಲು ಬರೆದರೆ ಅರ್ಧ ನಿಮಿಷದಲ್ಲಿ ಇನ್ನೊಂದು ಲಕ್ಷ ಸಿಗುತ್ತವೆ. ಅದು ಮಾಡುವುದೂ ನಾನು ಮೊದಲು ಮಾಡಿದ್ದನ್ನೇ, ಫೋಟೋಗಳನ್ನು ಕಲಸಿ ಕೊಡುವುದು, ಟೆಂಟ್ ಸಮೇತ. ನಾನು ಆರಿಸಿಕೊಂಡದ್ದು ಏಳು ಗಂಟೆಯ ಬೂದು ಪಟ್ಟಿ. ಮೋಡ ಅಂತ ನಾನು ಬೇಜಾರು ಮಾಡಿಕೊಂಡ ಆ ಹೊತ್ತು.

ಬೂದು ಬರೆಯೋದು ಹಸಿರಿಗಿಂತ ಕಷ್ಟ. ಕಪ್ಪಿಂದ ಬೂದಿಗೆ ನಿಧಾನ ಏರಬೇಕಾದ ಕಡೆ ಸ್ಕ್ರೀನಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಸಾಮಾನ್ಯ ಫೈಲಿನಲ್ಲಿ ಒಂದು ಬಣ್ಣಕ್ಕೆ 256 ಹಂತ ಮಾತ್ರ, ಕತ್ತಲ ಭಾಗಕ್ಕೆ ಅದರಲ್ಲಿ ಸಿಗೋದು ಹತ್ತೋ ಹದಿನೈದೋ. ಪ್ರತಿ ಚಾನೆಲ್‌ಗೆ 16 ಬಿಟ್‌ ಇಟ್ಟುಕೊಂಡು ಕೆಲಸ ಮಾಡಿದೆ, ಹಂತಗಳು ಬಹಳ ಜಾಸ್ತಿ ಸಿಗಲಿ ಅಂತ. ಕೊನೆಗೆ ಸಣ್ಣ ಕಾಳಿನಂಥ ನಾಯ್ಸ್ ಉದುರಿಸಿದೆ, ಮೆಟ್ಟಿಲು ಒಡೆಯಲಿ ಅಂತ. ಅಪ್ಪ ಎರಡು ಎನಾಮೆಲ್ ಸೇರುವ ಕಡೆ ಹಸಿಯಿರುವಾಗಲೇ ಒಣ ಬ್ರಷ್ಷಿನ ತುದಿಯಿಂದ ಟಪಟಪ ಬಡಿಯುತ್ತಿದ್ದರು. ಅದೇ ಕೆಲಸ. ಫ್ಯಾಮಿಲಿ ಗ್ರೂಪಿಗೆ ಕಳಿಸಿದರೆ ಫೈಲ್ ಕುಗ್ಗಿ ಎಲ್ಲ ಮೆಟ್ಟಿಲೂ ವಾಪಸ್ ಬರುತ್ತವೆ. ಅದಕ್ಕೆ ಕಳಿಸಲಿಲ್ಲ.

ಪಟ್ಟಿಯ ಮೇಲ್ತುದಿಗೆ ಒಂದು ನೇರಳೆ ಲೇಯರನ್ನೂ ಹಾಕಿದ್ದೆ. ನೆಲದ ಮೇಲೆ ಕತ್ತಲಾದರೂ ಮುನ್ನೂರು ಕಿಲೋಮೀಟರ್ ಮೇಲೆ ಇನ್ನೂ ಬಿಸಿಲಿರಬಹುದು. ಆ ಬಿಸಿಲಿಗೆ ಅಲ್ಲಿನ ಸಾರಜನಕ ನೇರಳೆಯಾಗಿ ಹೊಳೆಯುತ್ತದೆ ಅಂತ ಓದಿದ್ದೆ. ನಾನು ನೋಡಿದ ಏಳು ಗಂಟೆ ಅಂಥದೇ ಹೊತ್ತು. ನನ್ನ ಕಣ್ಣಿಗೆ ಅವತ್ತು ನೇರಳೆ ಕಂಡಿರಲಿಲ್ಲ. ಆದರೂ ಇರಲಿ ಅಂತ 4 ಪರ್ಸೆಂಟ್‌ಗೆ ಇಳಿಸಿಟ್ಟೆ. ಆಮೇಲೆ ಮರೆತೂಬಿಟ್ಟೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಟ್ಯಾಬ್ಲೆಟ್ ಒಯ್ದಿದ್ದೆ. ಅಪ್ಪನಿಗೆ ಆಗಷ್ಟೇ ಎರಡನೇ ಕಣ್ಣಿನ ಪೊರೆ ಆಪರೇಷನ್ ಮುಗಿದಿತ್ತು. ನಡುಮನೆಯ ಟ್ಯೂಬ್‌ಲೈಟ್ ಕೆಳಗೆ ಚಿತ್ರ ತೋರಿಸಿದೆ.

"ಏನಿದೆ ಇದ್ರಲ್ಲಿ? ಏನೂ ಕಾಣ್ತಿಲ್ವಲ್ಲ."

"ಲೈಟ್ ಆರಿಸ್ಲಾ ಅಪ್ಪ?"

ಆರಿಸಿದೆ. ಸ್ಕ್ರೀನಿನ ಬೆಳಕನ್ನೂ ಪೂರಾ ತಗ್ಗಿಸಿದೆ. ಹೊರಗೆ ಮಕ್ಕಳು ಹೂಕುಂಡ ಹಚ್ಚುತ್ತಿದ್ದರು, ಅದರ ಬೆಳಕು ಕಿಟಕಿಯಲ್ಲಿ ಬಂದು ಹೋಗುತ್ತಿತ್ತು. ಅಪ್ಪ ಎದ್ದು ಕಿಟಕಿ ಹಾಕಿ ಬಂದು ಕೂತರು. ಐದು ನಿಮಿಷ ಆಗಿರಬೇಕು. ಒಳಗಿಂದ ಅಮ್ಮ "ಕರೆಂಟ್ ಹೋಯ್ತಾ?" ಅಂತ ಕೇಳಿದರು. ಇಬ್ಬರೂ ಉತ್ತರ ಕೊಡಲಿಲ್ಲ.

"ಹೊಗೆ ಇದ್ದಂಗಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಿಂದೆ ಚುಕ್ಕಿ ಇದೆ." ಮತ್ತೂ ಸ್ವಲ್ಪ ಹೊತ್ತಿಗೆ ಬೆರಳು ಚಾಚಿ, ಸ್ಕ್ರೀನಿಗೆ ತಾಗಿಸದೆ, ಪಟ್ಟಿಯ ಮೇಲೆ ಗಾಳಿಯಲ್ಲೇ ಒಂದು ಗೆರೆ ಎಳೆದರು. "ಇಲ್ಲಿ ಚೂರು ನೇರಳೆ ಬಿಟ್ಟಿದೀಯಲ್ಲ ಮಗಾ."

ನನಗೆ ಕಾಣಲಿಲ್ಲ. ಲೇಯರುಗಳ ಪಟ್ಟಿ ತೆರೆದು ನೋಡಿದೆ.